ದಿವಾನಖಾನೆಯ ಬಾಗಿಲಲ್ಲಿ ನಿಂತು ಓದಿದವರು

ನಮ್ಮ ಕನ್ನಡ ಮಾಸ್ಟ್ರು ಕಳೆದ ವರ್ಷ ತೀರಿಕೊಂಡಾಗ ಡೊಂಬಿವಲಿ, ಘಾಟ್‌ಕೋಪರ್, ಮೀರಾರೋಡ್, ನವಿಮುಂಬಯಿಗಳಿಂದ ಬಂದು ಸೇರಿದ ಹಳೆಯ ವಿದ್ಯಾರ್ಥಿಗಳು ಹೂಮಾಲೆ, ಭಾಷಣಗಳಲ್ಲೇ ಶ್ರದ್ಧಾಂಜಲಿಯನ್ನು ಮುಗಿಸುವುದು ಬೇಡವೆಂದು ನಿಶ್ಚಯಿಸಿದೆವು. ಅವರು ಜೀವಮಾನವಿಡೀ ಕೈಬಿಡದ ಪುಸ್ತಕವೊಂದಿತ್ತು. ಅದು ಲಿಯೋ ಟಾಲ್‌ಸ್ಟಾಯ್ ಬರೆದ ‘ಯುದ್ಧ ಮತ್ತು ಶಾಂತಿ’. ಅದನ್ನು ಕನ್ನಡ ಅನುವಾದದಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲರೂ ಕೂಡಿ ಓದೋಣವೆಂದು ಅಂದೇ ಗೊತ್ತುಮಾಡಿಕೊಂಡು, ತಿಂಗಳಿಗೊಂದು ಭಾನುವಾರ ಮಾಟುಂಗಾದಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಸೇರುತ್ತಿದ್ದೇವೆ. ಶಾಲೆಯ ಸಂಚಿಕೆಗೆ ಹಳೆಯ ನೆನಪುಗಳನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಆ ಮಾಸ್ಟ್ರನ್ನೂ ಈ ಓದನ್ನೂ ಬೇರೆ ಬೇರೆಯಾಗಿ ಬರೆಯುವುದು ನನ್ನಿಂದಾಗಲಿಲ್ಲ.

ನಾವು ಓದಿದ್ದು ಮುಂಬಯಿಯ ಫೋರ್ಟ್ ಭಾಗದ ಕನ್ನಡ ರಾತ್ರಿಶಾಲೆಯಲ್ಲಿ. ಹಗಲು ಇಂಗ್ಲಿಷ್ ಮಾಧ್ಯಮದ ಮಕ್ಕಳು ಕುಳಿತೆದ್ದು ಹೋದ ಬೆಂಚುಗಳ ಮೇಲೆ ಸಂಜೆ ನಾವು ಕುಳಿತುಕೊಳ್ಳುತ್ತಿದ್ದೆವು. ತರಗತಿಯಲ್ಲಿದ್ದವರೆಲ್ಲ ಉಡುಪಿ, ಕುಂದಾಪುರ, ಕಾರ್ಕಳ ಕಡೆಯಿಂದ ಯಾವುದೋ ಮಾವನ, ದೊಡ್ಡಪ್ಪನ ಬೆನ್ನು ಹಿಡಿದು ಬಂದ ಹುಡುಗರು. ಹೋಟೆಲುಗಳಲ್ಲಿ ಲೋಟ ತೊಳೆಯುವವರು, ಟೇಬಲ್ ಒರೆಸುವವರು, ಕಚೇರಿಗಳ ಕ್ಯಾಂಟೀನಿನಿಂದ ಚಹಾ ಒಯ್ಯುವವರು, ಪರೇಲ್ ಕಡೆಯ ಗಿರಣಿಗಳಲ್ಲಿ ಬದಲಿ ಕೆಲಸಕ್ಕೆ ಹೋಗುವವರು. ನಾನು ಬಲ್ಲಾರ್ಡ್ ಎಸ್ಟೇಟಿನ ಕಚೇರಿಯೊಂದರ ಕ್ಯಾಂಟೀನಿನಲ್ಲಿದ್ದೆ. ಪಾಠ ಹೇಳುವವರೂ ಹಗಲೆಲ್ಲ ದುಡಿದು ಬಂದವರೇ. ಕನ್ನಡ ಮಾಸ್ಟ್ರು ಬಂದರಿನ ಕಡೆಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ಗಣಿತದ ಮಾಸ್ಟ್ರು ವಿಮೆಯ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಎಸ್‌ಎಸ್‌ಸಿಗೆ ಯಾವ ಯಾವ ಪದ್ಯಗಳಿದ್ದವು ಎಂದು ಈಗ ಕೇಳಿದರೆ ಹೇಳಲಾರೆ. ಕನ್ನಡ ಮಾಸ್ಟ್ರು ಕುರ್ಚಿಯಲ್ಲಿ ಕೂರದೆ, ಮೇಜಿಗೆ ಸೊಂಟ ಆನಿಸಿ ನಿಂತು, ಶಾಯಿ ಹಿಡಿದ ಬೆರಳುಗಳಿಂದ ಪುಟ ತಿರುವುತ್ತಿದ್ದ ರೀತಿ ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಪುಸ್ತಕ ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ ಕೊಂಡದ್ದು, ಇಂಗ್ಲಿಷಿನದು, ಬೆನ್ನು ಕಿತ್ತುಹೋಗಿದ್ದರಿಂದ ಕ್ಯಾಲಿಕೊ ಬಟ್ಟೆ ಅಂಟಿಸಿ ಕಟ್ಟಿಸಿಕೊಂಡದ್ದು. ಕಣ್ಣು ಇಂಗ್ಲಿಷ್ ಓದುತ್ತಿರುವಾಗಲೇ ಬಾಯಿಂದ ತಡೆಯಿಲ್ಲದೆ ಕನ್ನಡ ಹೊರಡುತ್ತಿತ್ತು.

ಆ ಪುಸ್ತಕ ತರಗತಿಗೆ ಬಂದದ್ದು ಒಂದು ಕಿತಾಪತಿಯ ದೆಸೆಯಿಂದ. ಗಣಿತದ ಮಾಸ್ಟ್ರು ರೇಖಾಗಣಿತದ ಪರೀಕ್ಷೆ ಇಟ್ಟಿದ್ದ ಸಂಜೆ, ನಮ್ಮಲ್ಲೊಬ್ಬ ಕಾರಿಡಾರಿನ ಮೀಟರ್ ಪೆಟ್ಟಿಗೆಯಿಂದ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಮಹಡಿಯಿಡೀ ಕತ್ತಲಾಯಿತು. ಯಾರು ಮಾಡಿದ್ದೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಗಣಿತದ ಮಾಸ್ಟ್ರು ಎಲೆಕ್ಟ್ರಿಷಿಯನ್ನನನ್ನು ಹುಡುಕಿಕೊಂಡು ಕೆಳಗಿಳಿದರು. ಪಕ್ಕದ ಕೋಣೆಯಲ್ಲಿದ್ದ ಕನ್ನಡ ಮಾಸ್ಟ್ರು ಒಳಗೆ ಬಂದು, ‘ಕೂತ್ಕೊಳ್ಳಿ ಮಕ್ಕಳೇ, ಕತ್ತಲಲ್ಲಿ ಬರೆಯಲಿಕ್ಕಾಗುವುದಿಲ್ಲ, ಕೇಳಲಿಕ್ಕಾಗುತ್ತದೆ’ ಎಂದು ಪೀಟರ್ಸ್‌ಬರ್ಗಿನ ಕತೆಯೊಂದನ್ನು ತೆಗೆದರು. ಮೂವರು ಶ್ರೀಮಂತ ತರುಣರು ಕುಡಿದ ಮತ್ತಿನಲ್ಲಿ ಒಂದು ಕರಡಿಯನ್ನು ಎಲ್ಲಿಂದಲೋ ತಂದು ಗಾಡಿಯಲ್ಲಿ ಕೂರಿಸಿಕೊಂಡು ನಟಿಯರ ಮನೆಗೆ ಹೊರಡುತ್ತಾರೆ. ತಡೆಯಲು ಬಂದ ಪೊಲೀಸು ಅಧಿಕಾರಿಯನ್ನು ಕರಡಿಯ ಬೆನ್ನಿಗೆ ಬೆನ್ನು ಸೇರಿಸಿ ಕಟ್ಟಿ ಮೋಯ್ಕಾ ಕಾಲುವೆಗೆ ನೂಕುತ್ತಾರೆ. ಕರಡಿ ಈಜುತ್ತದೆ, ಪೊಲೀಸಿನವನು ಅದರ ಬೆನ್ನ ಮೇಲೆ ಮಲಗಿರುತ್ತಾನೆ. ನಾವು ಬೆಂಚು ಬಡಿದು ನಕ್ಕೆವು. ನಗು ನಿಂತ ಮೇಲೆ ಮಾಸ್ಟ್ರು, ‘ಶಿಕ್ಷೆ ಯಾರಿಗಾಯಿತು ಗೊತ್ತೋ?’ ಎಂದು ಕೇಳಿದರು. ಹಣವೂ ಆಸರೆಯೂ ಇಲ್ಲದ ದೊಲೊಖೋವ್ ಅಧಿಕಾರಿ ಪದವಿ ಕಳೆದುಕೊಂಡು ಸಾಮಾನ್ಯ ಸಿಪಾಯಿಯಾದ. ಪಿಯರ್‌ನನ್ನು ಮಾಸ್ಕೋಗೆ ಅಟ್ಟಿದರು. ಅನತೋಲನ ಅಪ್ಪ ರಾಜಕುಮಾರ ವಾಸಿಲಿ ಕಂಡವರನ್ನು ಕಂಡು ಮಗನ ಸಂಗತಿಯನ್ನು ಮುಚ್ಚಿಹಾಕಿಸಿದ, ಅವನಿಗೆ ಊರು ಬಿಡುವುದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ತಪ್ಪು ಮೂವರದೂ ಒಂದೇ ಆಗಿದ್ದರೂ ಶಿಕ್ಷೆಯನ್ನು ಗೊತ್ತುಮಾಡುವುದು ಅಪ್ಪನ ಕೈ ಎಷ್ಟು ಉದ್ದವೆಂಬುದು, ಇದನ್ನು ತಿಳಿದುಕೊಂಡರೆ ದೊಡ್ಡವರ ಸಮಾಜದ ಅರ್ಧ ತಿಳಿದಂತೆ ಎಂದರು. ಫ್ಯೂಸ್ ತೆಗೆದವನು ಕತ್ತಲಲ್ಲೇ ಎದ್ದು ಹೋಗಿ ಅದನ್ನು ಅವರ ಮೇಜಿನ ಮೇಲಿಟ್ಟ. ಅವನ ಹೆಸರು ಗಣಿತದ ಮಾಸ್ಟ್ರ ಕಿವಿಗೆ ಬೀಳಲಿಲ್ಲ. ಪರೀಕ್ಷೆ ಮರುದಿನ ಆಯಿತು, ಗಣಿತದ ಮಾಸ್ಟ್ರು ಮೇಣದಬತ್ತಿಗಳನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದರು.

ಅಂದಿನಿಂದ ಕನ್ನಡದ ಕೊನೆಯ ಹತ್ತು ನಿಮಿಷ ಆ ಪುಸ್ತಕಕ್ಕೆ ಮೀಸಲಾಯಿತು. ಕಾದಂಬರಿ ತೆರೆಯುವುದು 1805ರ ಜುಲೈ ತಿಂಗಳ ಒಂದು ಸಂಜೆ, ರಾಜಮಾತೆಗೆ ಹತ್ತಿರದವಳಾದ ಅನ್ನಾ ಪಾವ್ಲೊವ್ನಾಳ ದಿವಾನಖಾನೆಯಲ್ಲಿ. ಬಂದವರೆಲ್ಲ ಹೆಸರುವಾಸಿಗಳು, ಆಡುವುದು ಫ್ರೆಂಚು, ಬಯ್ಯುವುದು ಫ್ರಾನ್ಸಿನ ನೆಪೋಲಿಯನ್ನನನ್ನು. ನಡುವೆ ಒಬ್ಬರು ಮಗನಿಗೆ ಹುದ್ದೆ ಕೇಳುತ್ತಾರೆ, ಇನ್ನೊಬ್ಬರು ಮಗನಿಗೆ ಹೆಣ್ಣು ಹುಡುಕುತ್ತಾರೆ. ಇದೆಲ್ಲ ನಮಗೆ ದೂರದ ಮಾತು. ಹೀಗಿರುವಾಗ ಮಾಸ್ಟ್ರು ಒಂದು ವಾಕ್ಯವನ್ನು ನಿಧಾನವಾಗಿ ಓದಿದರು. ನೂಲಿನ ಗಿರಣಿಯ ಯಜಮಾನ ಆಳುಗಳನ್ನು ಕೆಲಸಕ್ಕೆ ಹಚ್ಚಿ, ಇಲ್ಲಿ ನಿಂತುಹೋದ ಕದಿರು, ಅಲ್ಲಿ ಕಿರುಗುಟ್ಟುವ ಕದಿರು ಎಂದು ನೋಡುತ್ತ ತಿರುಗಿ, ಓಡಿಹೋಗಿ ಅದನ್ನು ಸರಿಪಡಿಸುವಂತೆ, ಅನ್ನಾ ಪಾವ್ಲೊವ್ನಾ ಅತಿಥಿಗಳ ಗುಂಪುಗಳ ನಡುವೆ ಸುತ್ತುತ್ತ, ಮಾತು ನಿಂತಲ್ಲಿ ಎತ್ತಿಕೊಡುತ್ತ, ಮಾತು ಜೋರಾದಲ್ಲಿ ತಗ್ಗಿಸುತ್ತ ಇದ್ದಳಂತೆ. ಹಿಂದಿನ ಬೆಂಚಿನ ಗಿರಣಿ ಹುಡುಗ ತಟ್ಟನೆ, ‘ಮಾಸ್ಟ್ರೇ, ಇವಳು ನಮ್ಮ ಜಾಬರ್!’ ಎಂದ. ಜಾಬರ್ ಎಂದರೆ ಗಿರಣಿಯಲ್ಲಿ ಆಳುಗಳ ಮೇಲ್ವಿಚಾರಕ. ಕೆಲವೇ ಸಾಲು ದಾಟಿದರೆ ಮತ್ತೊಂದು ಮಾತು ಬರುತ್ತದೆ. ಅಡುಗೆಮನೆಯಲ್ಲಿ ಕಂಡಿದ್ದರೆ ಯಾರೂ ಬಾಯಿಗಿಡಲು ಒಪ್ಪದ ಮಾಂಸದ ತುಂಡನ್ನು ಜಾಣ ಹೋಟೆಲಿನವನು ಬಲು ವಿಶೇಷದ ತಿನಿಸೆಂಬಂತೆ ಬಡಿಸುವ ಹಾಗೆ, ಅವಳು ಅಂದಿನ ಸಂಜೆ ಒಬ್ಬ ವೈಕೌಂಟನನ್ನೂ ಒಬ್ಬ ಪಾದ್ರಿಯನ್ನೂ ಅತಿಥಿಗಳಿಗೆ ಬಡಿಸಿದಳೆಂದು. ಈಗ ಬೆಂಚು ಬಡಿದದ್ದು ಹೋಟೆಲಿನ ಹುಡುಗರು. ಸಂಜೆಯ ವಡೆ ಬೆಳಿಗ್ಗೆ ಯಾವ ರೂಪದಲ್ಲಿ ತಟ್ಟೆಗೆ ಬರುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ರಷ್ಯದ ಒಬ್ಬ ಕೌಂಟ್, ಸಾವಿರಾರು ಎಕರೆಯ ಒಡೆಯ, ತನ್ನ ವರ್ಗದವರ ದಿವಾನಖಾನೆಯನ್ನು ವಿವರಿಸಬೇಕಾದಾಗ ಗಿರಣಿಯ ಬಳಿಗೂ ಹೋಟೆಲಿನ ಅಡುಗೆಮನೆಯ ಬಳಿಗೂ ಹೋದದ್ದು ಮಾಸ್ಟ್ರಿಗೆ ಎಂದೂ ತೀರದ ಬೆರಗಾಗಿತ್ತು. ‘ನೀವು ಚಹಾದ ಟ್ರೇ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತೀರಲ್ಲ, ಈ ಪುಸ್ತಕವನ್ನು ಅಲ್ಲಿಂದಲೇ ಓದಿ, ಕುರ್ಚಿಯಲ್ಲಿ ಕೂತವರಿಗೆ ಪೂರ್ತಿ ಕಾಣುವುದಿಲ್ಲ’ ಎನ್ನುತ್ತಿದ್ದರು. ಈಗ ನಮ್ಮ ಭಾನುವಾರದ ಕೂಟ ಓದುತ್ತಿರುವುದು ಹಾಗೆಯೇ.

ನಾವು ಬಹಳ ಹೊತ್ತು ನಿಂತದ್ದು ಪಿಯರ್‌ನ ಬಳಿ. ಮೊದಲ ಸಂಜೆ ಅನ್ನಾ ಪಾವ್ಲೊವ್ನಾ ತನ್ನ ದಿವಾನಖಾನೆಯ ಕೊನೆಯ ದರ್ಜೆಯವರಿಗೆ ಕೊಡುವ ತಲೆದೂಗಿನಿಂದ ಅವನನ್ನು ಬರಮಾಡಿಕೊಳ್ಳುತ್ತಾಳೆ. ಅವನು ಕೌಂಟ್ ಬೆಜುಖೋವ್‌ನಿಗೆ ಮದುವೆಯಾಚೆ ಹುಟ್ಟಿದ ಮಗ. ಸಾಯುತ್ತಿರುವ ಮುದುಕನ ಕೋಣೆಯ ಹೊರಗೆ ಉಯಿಲಿನ ಕಾಗದಗಳಿದ್ದ ಚೀಲಕ್ಕಾಗಿ ಇಬ್ಬರು ಕುಲೀನ ಹೆಂಗಸರು ಜಗ್ಗಾಡುವ ದೃಶ್ಯ ಮುಗಿಯುವ ಹೊತ್ತಿಗೆ, ನಲವತ್ತು ಸಾವಿರ ಜೀತದ ಆಳುಗಳೂ ಕೋಟ್ಯಂತರ ರೂಬಲ್ಲುಗಳೂ ಅವನ ಪಾಲಾಗಿರುತ್ತವೆ. ಮರುದಿನದಿಂದ ಅವನ ಮಾತೆಲ್ಲ ಜಾಣತನ, ಅವನ ದಡೂತಿ ಮೈ ಗಾಂಭೀರ್ಯ. ಊರಿನಲ್ಲಿ ಜಾಗ ಕೊಂಡ ಮೇಲೆ ಮದುವೆಮನೆಯ ಮೊದಲ ಪಂಕ್ತಿಗೆ ಕರೆ ಬಂದದ್ದನ್ನು ನಮ್ಮ ಕೂಟದ ಹೋಟೆಲು ಮಾಲಿಕರೊಬ್ಬರು ಅಲ್ಲಿ ಹೇಳಿಕೊಂಡರು. ನಾನೂ ಒಂದು ಮಾತು ಸೇರಿಸಿದೆ. ಕ್ಯಾಂಟೀನಿನಿಂದ ಮೇಲೆ ಬಂದು, ಬ್ಯಾಂಕಿನ ಪರೀಕ್ಷೆ ಬರೆದು, ಕಡೆಗೆ ಶಾಖಾ ವ್ಯವಸ್ಥಾಪಕನಾಗಿ ಕುಳಿತಾಗ, ಹಿಂದೆ ನನ್ನ ಕೈಯಿಂದ ಚಹಾ ತೆಗೆದುಕೊಂಡರೂ ಮುಖ ನೋಡದಿದ್ದ ಒಬ್ಬ ಅಧಿಕಾರಿ ಸಾಲಕ್ಕಾಗಿ ನನ್ನೆದುರು ಬಂದು ಕುಳಿತಿದ್ದರು. ಅವರಿಗೆ ನನ್ನ ಗುರುತು ಹತ್ತಲಿಲ್ಲ, ನನಗೆ ಅವರ ಸಕ್ಕರೆ ಎಷ್ಟು ಚಮಚವೆಂಬುದೂ ನೆನಪಿತ್ತು. ಪಿಯರ್ ಬದಲಾಗಲಿಲ್ಲ, ನೋಡುವವರ ಕಣ್ಣು ಬದಲಾಯಿತು, ಅದಕ್ಕೇ ಮುಂದೆ ಎಲ್ಲವನ್ನೂ ಕಳೆದುಕೊಂಡು ಸೆರೆಯಲ್ಲಿದ್ದಾಗ ಪ್ಲಾತೋನ್ ಕರತಾಯೆವ್ ಎಂಬ ರೈತ ಸಿಪಾಯಿ ಬೆಂದ ಆಲೂಗಡ್ಡೆಯನ್ನು ಸೀಳಿ ಉಪ್ಪು ಉದುರಿಸಿ ಕೊಟ್ಟದ್ದು ಅವನಿಗೆ ಹಿಂದೆಂದೂ ತಿನ್ನದಷ್ಟು ರುಚಿಯಾಗುವುದು ಎಂದೆ. ಆ ದಿನದ ಚರ್ಚೆಯಲ್ಲಿ ಈ ಮಾತು ಎಲ್ಲರಿಗೂ ಹಿಡಿಸಿತೆಂದು ಬರೆಯಲು ನನಗೆ ಸಂಕೋಚವಿಲ್ಲ. ಅದು ನನಗೆ ಮಾಸ್ಟ್ರು ಕೊಟ್ಟ ಕಣ್ಣು.

ಕೂಟ ಎರಡಾಗಿ ಒಡೆದದ್ದು ಆಳುಗಳ ವಿಷಯದಲ್ಲಿ. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಕೆಲಸ ಕಳೆದುಕೊಂಡು, ಮತ್ತೆ ಗಿರಣಿಯ ಮುಖ ಕಾಣದೆ, ಟ್ಯಾಕ್ಸಿ ಓಡಿಸಿ ಮಕ್ಕಳನ್ನು ಓದಿಸಿದ ನಮ್ಮ ಸಹಪಾಠಿ (‘ಜಾಬರ್’ ಎಂದು ಕೂಗಿದವನು ಅವನೇ) ಟಾಲ್‌ಸ್ಟಾಯ್ ಮೇಲೆ ಸಿಟ್ಟಾಗಿದ್ದಾನೆ. 1812ರಲ್ಲಿ ಫ್ರೆಂಚರು ಹತ್ತಿರ ಬಂದಾಗ ಬೊಗುಚಾರೊವೊ ಹಳ್ಳಿಯ ರೈತರು ಒಡತಿ ಮಾರ್ಯಾಳಿಗೆ ಗಾಡಿ ಕುದುರೆ ಕೊಡದೆ ತಡೆಯುತ್ತಾರೆ. ನಿಕೊಲಾಯ್ ರೊಸ್ತೋವ್ ಎಂಬ ತರುಣ ಸೇನಾಧಿಕಾರಿ ಬಂದು ಒಬ್ಬನ ಮುಖಕ್ಕೆ ಹೊಡೆದು, ಮುಂದಾಳುಗಳನ್ನು ಕಟ್ಟಿಸಿ ದಂಗೆಯನ್ನು ಅಡಗಿಸುತ್ತಾನೆ, ಅಲ್ಲಿಂದಲೇ ಅವರಿಬ್ಬರ ಪ್ರೇಮ ಮೊಳೆಯುತ್ತದೆ. ‘ರೈತರ ಬೆನ್ನ ಮೇಲೆ ಪ್ರೇಮಕತೆ ಯಾಕೆ? ಅವರು ಯಾಕೆ ಹಟ ಹಿಡಿದರೆಂದು ಅವರ ಮನೆಯೊಳಗೆ ಹೊಕ್ಕು ಯಾಕೆ ಹೇಳಲಿಲ್ಲ?’ ಎಂಬುದು ಅವನ ಪ್ರಶ್ನೆ. ಬಿಡುಗಡೆಯ ಗಾಳಿಸುದ್ದಿ ಆ ಸೀಮೆಯಲ್ಲಿ ಹಬ್ಬಿದ್ದನ್ನು ಟಾಲ್‌ಸ್ಟಾಯ್ ಬರೆದಿದ್ದಾನೆ ನಿಜ, ಆದರೆ ಕಾದಂಬರಿಯ ಮನಸ್ಸು ಮಾರ್ಯಾಳ ಗಾಡಿಯಲ್ಲಿಯೇ ಕುಳಿತಿದೆ. ಇಲ್ಲಿ ನಾನು ನನ್ನ ಗೆಳೆಯನ ಪಕ್ಷ.

ಇನ್ನೊಂದು ಕಡೆಯವರು ಮಾವ್ರಾ ಕುಜ್ಮಿನಿಷ್ನಾಳನ್ನು ತೋರಿಸಿದರು. ಮಾಸ್ಕೋ ಖಾಲಿಯಾಗುತ್ತಿದೆ. ಗಾಯಾಳುಗಳಿಗೆ ಗಾಡಿ ಬಿಟ್ಟುಕೊಡಬೇಕೆಂದು ನಿಕೊಲಾಯ್‌ನ ತಂಗಿ ನತಾಶಾ ಹಟ ಹಿಡಿದದ್ದರಿಂದ ರೊಸ್ತೋವರು ಸಾಮಾನುಗಳನ್ನು ಇಳಿಸಿ ಹೊರಟುಹೋಗಿದ್ದಾರೆ, ಮನೆ ಕಾಯಲು ಉಳಿದವಳು ಈ ಮುದಿ ಸೇವಕಿ. ಕೌಂಟರ ಬಂಧುವೆಂದು ಹೇಳಿಕೊಂಡು ಹರಿದ ಬೂಟಿನ ತರುಣ ಅಧಿಕಾರಿಯೊಬ್ಬ ಬರುತ್ತಾನೆ. ಅವನಿಗೆ ಕೇಳಲು ನಾಚಿಕೆ. ಅವಳು ಒಳಗೆ ಓಡಿ, ಮಡಿಸಿದ ಕರವಸ್ತ್ರದೊಳಗಿಂದ ಇಪ್ಪತ್ತೈದು ರೂಬಲ್ಲಿನ ನೋಟು ತಂದು ಕೊಡುತ್ತಾಳೆ. ಈ ಪುಟವನ್ನು ಓದುವಾಗ ಮಾಸ್ಟ್ರ ದನಿ ಪ್ರತಿ ಸಲವೂ ಕಟ್ಟಿಕೊಳ್ಳುತ್ತಿತ್ತು. ಅವರನ್ನು ಊರಿನಿಂದ ಕರೆತಂದು ಓದಿಗೆ ಹಚ್ಚಿದ್ದು ಗಿರ್ಗಾಂವಿನಲ್ಲಿ ಮನೆಗೆಲಸ ಮಾಡುತ್ತಿದ್ದ ದೊಡ್ಡಮ್ಮ ಎಂದು ನಮಗೆ ಗೊತ್ತಾದದ್ದು ಅವರು ಹೋದ ಮೇಲೆ, ಅವರ ಮಗಳ ಬಾಯಿಂದ.

ಇಂದಿನ ಮಕ್ಕಳು ಜಾಣರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಮೊಮ್ಮಗಳ ದಿನಚರಿಯಲ್ಲಿ ಪರೀಕ್ಷೆಗೆ ಬಾರದ ಹತ್ತು ನಿಮಿಷವಿಲ್ಲ. ಶಾಲೆ ಬಿಟ್ಟರೆ ಕ್ಲಾಸು, ಕ್ಲಾಸು ಬಿಟ್ಟರೆ ಮಾದರಿ ಪ್ರಶ್ನೆಪತ್ರಿಕೆ. ಅವಳ ಟೀಚರು ಒಳ್ಳೆಯವರೇ. ಪಾಠ ಹೇಳುವ ಸಮಯವನ್ನು ಅಂಕಿಅಂಶ ತುಂಬುವ ಕೆಲಸ ತಿನ್ನುತ್ತಿದೆಯೆಂದು ಅವರೇ ನನ್ನಲ್ಲಿ ಬೇಸರಪಟ್ಟರು. ಟಾಲ್‌ಸ್ಟಾಯ್ ಈ ಕಾದಂಬರಿಗೆ ಕೈಹಾಕುವ ಮೊದಲು, 1859ರಲ್ಲಿ, ಯಾಸ್ನಾಯಾ ಪೊಲ್ಯಾನಾದ ತನ್ನ ಮನೆಯಲ್ಲಿ ರೈತರ ಮಕ್ಕಳಿಗಾಗಿ ಶಾಲೆ ತೆರೆದಿದ್ದ. ಅಲ್ಲಿ ಶಿಕ್ಷೆಯಿರಲಿಲ್ಲ, ಮನೆಪಾಠದ ಹೊರೆಯಿರಲಿಲ್ಲ. ಇದನ್ನು ಹೇಳುವಾಗ ನಮ್ಮ ಮಾಸ್ಟ್ರ ಮುಖ ಅರಳುತ್ತಿತ್ತು. ಈ ಸಂಚಿಕೆಯನ್ನು ಓದುವ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ: ವಾರಕ್ಕೊಂದು ಸಲವಾದರೂ, ಪಠ್ಯದಲ್ಲಿಲ್ಲದ ಒಂದು ದೊಡ್ಡ ಪುಸ್ತಕವನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ. ಅರ್ಥವಾಗುತ್ತದೋ ಇಲ್ಲವೋ ಎಂಬ ಅಳುಕು ಬೇಡ. ಲೋಟ ತೊಳೆದ ಕೈಯ ಹುಡುಗರಿಗೆ ಪೀಟರ್ಸ್‌ಬರ್ಗಿನ ದಿವಾನಖಾನೆ ಅರ್ಥವಾಗಿದೆ.

ನಮ್ಮ ಕೂಟ ಈಗ ಉಪಸಂಹಾರಕ್ಕೆ ಬಂದಿದೆ. ಕತೆ 1820ಕ್ಕೆ ಹಾರುತ್ತದೆ. ಬೇಟೆಯ ಸಂಜೆ ಚಿಕ್ಕಪ್ಪನ ಹಳ್ಳಿಮನೆಯಲ್ಲಿ ಹೆಗಲ ಮೇಲಿನ ಶಾಲನ್ನು ಕಿತ್ತೆಸೆದು, ಯಾರೂ ಕಲಿಸದ ಹಳ್ಳಿಯ ಕುಣಿತವನ್ನು ಕುಣಿದ ನತಾಶಾ ಇಲ್ಲಿ ನಾಲ್ಕು ಮಕ್ಕಳ ತಾಯಿ. ಹಾಡು ಬಿಟ್ಟಿದ್ದಾಳೆ, ಮೈ ತುಂಬಿದೆ, ಗಂಡನ ಮೇಲೆ ಕಣ್ಣಿಟ್ಟಿದ್ದಾಳೆ. ಸಹಪಾಠಿಯೊಬ್ಬರ ಹೆಂಡತಿ, ದಾದಿಯಾಗಿ ನಿವೃತ್ತರಾದವರು, ಈ ಪುಟಗಳಲ್ಲಿ ಟಾಲ್‌ಸ್ಟಾಯ್ ನತಾಶಾಳಿಗೆ ಅನ್ಯಾಯ ಮಾಡಿದ್ದಾನೆ ಎನ್ನುತ್ತಾರೆ. ಅವರ ಮಗಳು, ಕಾಲೇಜಿನಲ್ಲಿ ಪಾಠ ಹೇಳುವವಳು, ನತಾಶಾ ದಿವಾನಖಾನೆಗಳನ್ನು ತಾನಾಗಿ ತೊರೆದು ಬಂದವಳು, ಆ ಲೋಕದ ಮೆಚ್ಚುಗೆ ಅವಳಿಗೆ ಬೇಡವಾಗಿತ್ತು ಎಂದು ವಾದಿಸುತ್ತಾಳೆ. ಗಂಡಸರು ನಾವು ಈ ಒಂದು ವಿಷಯದಲ್ಲಿ ಕೇಳುವವರಾಗಿದ್ದೇವೆ. ಮುಂದಿನ ಸಲ ಮಾಸ್ಟ್ರ ಮಗಳು ಅವರ ಇಂಗ್ಲಿಷ್ ಪ್ರತಿಯನ್ನು ತರುತ್ತೇನೆಂದಿದ್ದಾರೆ. ಈ ಪುಟಗಳ ಅಂಚಿನಲ್ಲಿ ಮಾಸ್ಟ್ರು ಪೆನ್ಸಿಲಿನಲ್ಲಿ ಏನೋ ಬರೆದಿದ್ದಾರಂತೆ. ಅದನ್ನು ಓದಿಕೊಂಡು ತಾಯಿ ಮಗಳ ವಾದವನ್ನು ಮುಂದುವರಿಸುವುದೆಂದು ಗೊತ್ತಾಗಿದೆ. ಶಾಲೆಯ ಈಗಿನ ವಿದ್ಯಾರ್ಥಿಗಳು ಬರುವುದಾದರೆ ಕುಳಿತುಕೊಳ್ಳಲು ಜಾಗವಿದೆ.