ನಿಮ್ಮ ಕೋರ್ಸ್ ಕಷ್ಟವಾ, ನಮ್ಮದಾ?

ಕೋಲಾರದ ಕಡೆ ಗಾಲ್ಫ್ ಆಡ್ತೀನಿ ಅಂದ ತಕ್ಷಣ ಬೆಂಗಳೂರಿನ ಆಟಗಾರರು ಕೇಳೋದು ಒಂದೇ ಪ್ರಶ್ನೆ. "ನಿಮ್ಮ ಕೋರ್ಸ್ ಸ್ಲೋಪ್ ಎಷ್ಟು?" ಸ್ಲೋಪ್ ಅಂದರೆ ಕೋರ್ಸ್‌ನ ಕಷ್ಟ ಅಳೆಯಲು ಬಳಸೋ ಒಂದು ಸಂಖ್ಯೆ. ನಾನು 118 ಅಂದರೆ ಸಾಕು, "ಓ, ಹಾಗಾದ್ರೆ ಸುಲಭ" ಅಂತ ತೀರ್ಪು ಬಂದುಬಿಡುತ್ತದೆ. ಗಾಲ್ಫ್ ಆಡದವರ ಪ್ರಶ್ನೆ ಇನ್ನೂ ನೇರ. "ಗುಂಡಿ ಎಲ್ಲಾ ಕಡೆ ಒಂದೇ ಅಳತೆ ಅಲ್ವಾ? ಒಂದು ಕೋರ್ಸ್ ಕಷ್ಟ, ಇನ್ನೊಂದು ಸುಲಭ ಹೇಗಾಗುತ್ತೆ?"

ಗುಂಡಿ ಒಂದೇ ಅಳತೆ, ನಿಜ. ಎಲ್ಲಿ ಹೋದರೂ ನಾಲ್ಕೂಕಾಲು ಇಂಚು. ಜಗಳ ಇರೋದು ಅಲ್ಲಿಗೆ ತಲುಪೋ ದಾರಿಯದು.

ನನ್ನ ಭಾವ ಬೆಂಗಳೂರಿನಲ್ಲಿ ಆಡುತ್ತಾರೆ. ಅವರ ಕೋರ್ಸ್ ಇಕ್ಕಟ್ಟು, ಎರಡೂ ಕಡೆ ದೊಡ್ಡ ಮರಗಳು. ನಮ್ಮದು ಬಟ್ಟಂಬಯಲು. ಅಂಚಿನಲ್ಲಿ ನೀಲಗಿರಿ, ಬೇಸಿಗೆಯಲ್ಲಿ ಕೆಮ್ಮಣ್ಣು ಕಲ್ಲಿನಂತೆ ಗಟ್ಟಿ. ಮೊದಲ ಸಲ ಬಂದಾಗ ಭಾವ ಸುತ್ತ ನೋಡಿ, "ಏನಪ್ಪಾ, ಇದು ಮೈದಾನ ಇದ್ದಂಗಿದೆ, ಇಲ್ಲಿ ಚೆಂಡು ಕಳೆಯೋದಾದ್ರೂ ಹೆಂಗೆ?" ಅಂದರು. ಏಳನೇ ಹೋಲ್‌ಗೆ ಬರೋ ಹೊತ್ತಿಗೆ ಮೂರು ಕಳೆದಿದ್ದರು.

ಆ ಏಳನೇ ಹೋಲ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಇಡೀ ಉತ್ತರ ಅಲ್ಲೇ ಇದೆ. ಟೀಯಿಂದ, ಅಂದರೆ ಮೊದಲ ಹೊಡೆತ ಹೊಡೆಯೋ ಜಾಗದಿಂದ, ಸುಮಾರು 200 ಯಾರ್ಡ್ ದೂರದಲ್ಲಿ ಒಂದು ಹಳ್ಳ ಅಡ್ಡ ಹಾಯುತ್ತದೆ. ವರ್ಷದಲ್ಲಿ ಹತ್ತು ತಿಂಗಳು ಒಣಗಿರುತ್ತದೆ, ಒಳಗೆ ಬರೀ ಕಲ್ಲು, ಜಾಲಿ. ಕೋರ್ಸ್ ಎಷ್ಟು ಕಷ್ಟ ಅಂತ ಅಳೆದು ರೇಟಿಂಗ್ ಮಾಡಲು ಬರುವ ತಂಡ ಕೋರ್ಸನ್ನು ಇಬ್ಬರು ಆಟಗಾರರ ಕಣ್ಣಿನಿಂದ ನೋಡುತ್ತದೆ. ಒಬ್ಬ ಸ್ಕ್ರ್ಯಾಚ್, ಅಂದರೆ ಹ್ಯಾಂಡಿಕ್ಯಾಪ್ (ಆಟದ ಮಟ್ಟ ನೋಡಿ ಕೊಡೋ ಹೊಡೆತಗಳ ರಿಯಾಯಿತಿ) ಸೊನ್ನೆ ಇರುವವನು. ಇನ್ನೊಬ್ಬ ಬೋಗಿ ಆಟಗಾರ, ಹ್ಯಾಂಡಿಕ್ಯಾಪ್ ಸುಮಾರು 20. ಗಂಡಸರ ಲೆಕ್ಕದಲ್ಲಿ ಮೊದಲನೆಯವನ ಟೀ ಹೊಡೆತ 250 ಯಾರ್ಡ್, ಎರಡನೆಯವನದು 200 ಅಂತ ಹಿಡಿಯುತ್ತಾರೆ. ಮೊದಲನೆಯವನಿಗೆ ನಮ್ಮ ಹಳ್ಳ ಕಾಣಿಸೋದೇ ಇಲ್ಲ, ಚೆಂಡು ತಲೆಯ ಮೇಲೆ ಹಾರಿ ಹೋಗುತ್ತದೆ. ಎರಡನೆಯವನ ಚೆಂಡು ನೆಲಕ್ಕೆ ಬಿದ್ದು, ಗಟ್ಟಿ ಮಣ್ಣಿನಲ್ಲಿ ಉರುಳಿ, ನೆಟ್ಟಗೆ ಹಳ್ಳಕ್ಕೆ. ಇಲ್ಲವೇ ಅವನು ಬುದ್ಧಿ ಉಪಯೋಗಿಸಿ ಚಿಕ್ಕದಾಗಿ ಹೊಡೆಯಬೇಕು. ಭಾವ ಬುದ್ಧಿ ಉಪಯೋಗಿಸಲಿಲ್ಲ.

ಹೀಗೆ ಒಂದೇ ಹಳ್ಳ ಒಬ್ಬನಿಗೆ ಏನೂ ಅಲ್ಲ, ಇನ್ನೊಬ್ಬನಿಗೆ ಒಂದು ಹೊಡೆತ ದಂಡ. ಅದಕ್ಕೇ ಕೋರ್ಸ್‌ಗೆ ಎರಡು ಸಂಖ್ಯೆ. ಸ್ಕ್ರ್ಯಾಚ್ ಆಟಗಾರ ಚೆನ್ನಾಗಿ ಆಡಿದ ದಿನ ಎಷ್ಟು ಹೊಡೆತದಲ್ಲಿ ಮುಗಿಸಬಹುದು ಅನ್ನೋದು ಕೋರ್ಸ್ ರೇಟಿಂಗ್. ಬೋಗಿ ಆಟಗಾರ ಅವನಿಗಿಂತ ಎಷ್ಟು ಹಿಂದೆ ಬೀಳುತ್ತಾನೆ ಅನ್ನೋದರಿಂದ ಬರೋದು ಸ್ಲೋಪ್. ಗಂಡಸರಿಗಾದರೆ ಇಬ್ಬರ ಅಂತರವನ್ನು 5.381ರಿಂದ ಗುಣಿಸುತ್ತಾರೆ. ಸ್ಲೋಪ್ 55ರಿಂದ 155ರವರೆಗೆ ಇರಬಹುದು, 113 ಅನ್ನೋದು ಪ್ರಮಾಣಿತ ಮಟ್ಟ. ಹೆಸರು ಕೇಳಿ ನೆಲದ ಇಳಿಜಾರು ಅಂದುಕೊಳ್ಳುವವರು ಜಾಸ್ತಿ. ಅದಲ್ಲ. ಹ್ಯಾಂಡಿಕ್ಯಾಪ್ ಏರಿದಂತೆ ಸ್ಕೋರ್ ಎಷ್ಟು ಜೋರಾಗಿ ಏರುತ್ತದೆ ಅಂತ ಗೆರೆ ಎಳೆದರೆ, ಆ ಗೆರೆಯ ಇಳಿಜಾರು ಇದು.

ಸ್ಲೋಪ್ ಒಂದನ್ನೇ ನೋಡಿ ಕಷ್ಟ ಅಳೆಯುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಲೆಕ್ಕಕ್ಕೆ ಎರಡು ಕೋರ್ಸ್ ಹಿಡಿಯೋಣ. ಒಂದರ ರೇಟಿಂಗ್ 74, ಸ್ಲೋಪ್ 125. ಇನ್ನೊಂದರ ರೇಟಿಂಗ್ 70, ಸ್ಲೋಪ್ 135. ಕ್ಲಬ್‌ಹೌಸ್‌ನಲ್ಲಿ ಎಲ್ಲರೂ ಎರಡನೆಯದೇ ಕಷ್ಟ ಅನ್ನುತ್ತಾರೆ. ಈಗ ಇಂಡೆಕ್ಸ್, ಅಂದರೆ ಆಟಗಾರನ ಹ್ಯಾಂಡಿಕ್ಯಾಪ್ ಸಂಖ್ಯೆ, 20 ಇರುವವನನ್ನು ಎರಡೂ ಕಡೆ ಆಡಿಸಿ. ಇಂಡೆಕ್ಸನ್ನು ಸ್ಲೋಪ್‌ನಿಂದ ಗುಣಿಸಿ, 113ರಿಂದ ಭಾಗಿಸಿ, ರೇಟಿಂಗ್‌ಗೆ ಸೇರಿಸಬೇಕು, ಅಷ್ಟೇ. ಮೊದಲನೆಯದರಲ್ಲಿ ಸುಮಾರು 96, ಎರಡನೆಯದರಲ್ಲಿ 94. ಸ್ಲೋಪ್ ಜಾಸ್ತಿ ಇರುವ ಕಡೆಯೇ ಎರಡು ಹೊಡೆತ ಕಮ್ಮಿ! ಎರಡೂ ಸಮ ಆಗಬೇಕಾದರೆ ಇಂಡೆಕ್ಸ್ 45ರ ಹತ್ತಿರ ಇರಬೇಕು. ಇಂಡೆಕ್ಸ್‌ನ ಗರಿಷ್ಠ ಮಿತಿಯೇ 54.

ಹಾಗಾಗಿ ಯಾರಾದರೂ ಸ್ಲೋಪ್ ಎಷ್ಟು ಅಂದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಯಾವ ಟೀ? ರೇಟಿಂಗ್ ಎಷ್ಟು? ಈ ಸಂಖ್ಯೆಗಳು ಇಡೀ ಕೋರ್ಸ್‌ಗೆ ಒಂದೇ ಅಲ್ಲ, ಒಂದೊಂದು ಟೀಗೂ ಬೇರೆ. ಹೆಂಗಸರಿಗೆ ಪ್ರತ್ಯೇಕ ರೇಟಿಂಗ್.

ಭಾವನ ಜೊತೆಗಿನ ವಾದ ಮುಗಿದದ್ದು ಆಟದ ನಂತರ, ಹೈವೇ ಪಕ್ಕದ ಹೋಟೆಲ್‌ನಲ್ಲಿ, ತಟ್ಟೆ ಇಡ್ಲಿ ಮುಂದೆ. ಬಿಲ್ಲಿನ ಹಿಂದೆ ಬರೆದು ತೋರಿಸಿದೆ. ನಮ್ಮದು ರೇಟಿಂಗ್ 69.4, ಸ್ಲೋಪ್ 118. ಅವರದು 71.8, 134. ಎರಡೂ ಕಡೆ 90 ಹೊಡೆದರೆ? ಸ್ಕೋರ್‌ನಿಂದ ರೇಟಿಂಗ್ ಕಳೆದು, 113ರಿಂದ ಗುಣಿಸಿ, ಸ್ಲೋಪ್‌ನಿಂದ ಭಾಗಿಸಬೇಕು. ನಮ್ಮಲ್ಲಿ 19.7, ಅವರಲ್ಲಿ 15.3. ಕಮ್ಮಿ ಬಂದಷ್ಟೂ ಆಟ ಚೆನ್ನಾಗಿದೆ ಅಂತ. ಅಂದರೆ ಅವರ 90 ನಮ್ಮಲ್ಲಿ 85ಕ್ಕೆ ಸಮ. ನಮ್ಮ ಕೋರ್ಸೇ ಸುಲಭ, ಒಪ್ಪಿಕೊಂಡೆ. "ಮತ್ತೆ ಮೂರು ಚೆಂಡು?" ಅಂತ ಕೇಳಿದ್ದಕ್ಕೆ ಭಾವ ಚಟ್ನಿ ಹಾಕಿಸಿಕೊಳ್ಳಲು ಎದ್ದು ಹೋದರು.

ಆದರೆ ಆ ಮೂರು ಚೆಂಡಿಗೂ ಕಾರಣ ಇದೆ. ಹೋಮ್ ಕೋರ್ಸ್ ಅಂದರೆ ಬಾಯಿಪಾಠ. ಯಾವ ಗ್ರೀನ್ (ಗುಂಡಿ ಸುತ್ತಲಿನ ನುಣುಪಾದ ಹುಲ್ಲು) ಯಾವ ಕಡೆ ವಾಲುತ್ತದೆ, ಎಲ್ಲಿ ಬಿದ್ದರೆ ಚೆಂಡು ಹಳ್ಳದ ಕಡೆ ಜಾರುತ್ತದೆ, ಇವೆಲ್ಲ ನನ್ನ ಕಾಲಿಗೇ ಗೊತ್ತು. ಇದು ಯಾವ ರೇಟಿಂಗ್‌ನಲ್ಲೂ ಬರೋದಿಲ್ಲ. ಇನ್ನು ಗಾಳಿ. ರೇಟಿಂಗ್ ತಂಡ ಗಾಳಿಯನ್ನೂ, ಚೆಂಡು ಉರುಳುವುದನ್ನೂ, ಎತ್ತರವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸಮುದ್ರ ಮಟ್ಟದಿಂದ 2,000 ಅಡಿ ದಾಟಿದರೆ ಚೆಂಡು ಜಾಸ್ತಿ ದೂರ ಹಾರುತ್ತದೆ ಅಂತ ಕೋರ್ಸ್‌ನ ಉದ್ದದಲ್ಲಿ ಕಡಿತ ಮಾಡುತ್ತಾರೆ. ಕೋಲಾರವೂ ಬೆಂಗಳೂರೂ ಆ ಗೆರೆಯ ಮೇಲೇ ಇವೆ. ಆದರೆ ಗಾಳಿ ಅಂದರೆ ಮಾಮೂಲಿ ದಿನದ ಗಾಳಿ. ನಮ್ಮ ಆಷಾಢದ ಗಾಳಿ ಬೇರೆ ಜಾತಿ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಅದಕ್ಕೂ ಒಂದು ದಾರಿ ಇದೆ. ಆ ದಿನ ಕನಿಷ್ಠ ಎಂಟು ಜನರ ಸ್ಕೋರ್ ಬಂದಿದ್ದು, ಹೆಚ್ಚಿನವರದು ನಿರೀಕ್ಷೆಗಿಂತ ಕೆಟ್ಟಿದ್ದರೆ ಎಲ್ಲರಿಗೂ ಮೂರು ಹೊಡೆತದವರೆಗೆ ರಿಯಾಯಿತಿ. ಆಷಾಢದ ಭಾನುವಾರ ನಮ್ಮಲ್ಲಿ ಎಂಟು ಜನ ಸೇರೋದೇ ಕಷ್ಟ, ಅದು ಬೇರೆ ಮಾತು.

ಹೋದ ವಾರ ಭಾವನ ಕೋರ್ಸ್‌ಗೆ ಹೋಗಿದ್ದೆ. ನನ್ನ ಇಂಡೆಕ್ಸ್ 18. ಎರಡೂ ಕಡೆ ಪಾರ್, ಅಂದರೆ ಇಡೀ ಕೋರ್ಸ್‌ಗೆ ನಿಗದಿಯಾದ ಹೊಡೆತ, 72. ನಮ್ಮಲ್ಲಿ ನನಗೆ ಪಾರ್ ಮೇಲೆ 16 ಹೊಡೆತ ರಿಯಾಯಿತಿ ಸಿಗುತ್ತವೆ, ಅಲ್ಲಿ ಬೋರ್ಡ್ ನೋಡಿದರೆ 21. ಐದು ಹೊಡೆತ ಪುಕ್ಕಟೆ ಸಿಕ್ಕಿತು ಅಂತ ಖುಷಿಯಾಗಿ ಮೊದಲ ಟೀಗೆ ಹೋದೆ. ಎದುರಿಗೆ ಎರಡು ಸಾಲು ಮರ, ನಡುವೆ ನಮ್ಮೂರ ಬಂಡಿದಾರಿಯಷ್ಟು ಜಾಗ. ಭಾವ ಹಿಂದೆ ನಿಂತು, "ನಿಧಾನ ಕಣಪ್ಪಾ, ಇಲ್ಲಿ ಹಳ್ಳ ಇಲ್ಲ" ಅಂದರು. ಚೆಂಡು ಮೊದಲ ಮರಕ್ಕೆ ಬಡಿದು ಅವರ ಕಾಲ ಹತ್ತಿರವೇ ಬಂದು ನಿಂತಿತು.