ನಗಿಸೋದು ಕಷ್ಟಾನಾ, ಅಳಿಸೋದು ಕಷ್ಟಾನಾ?

ನಾಟಕ ಮುಗಿದು ಬೆಳಗಿನ ಜಾವ ಬಣ್ಣ ಒರೆಸ್ಕೋತಾ ಕೂತಿದ್ರೆ ಊರಿನ ಹೆಣ್ಮಕ್ಳು ಟೀ ತಂದು ಕೊಟ್ಟು ಪಕ್ಕದಲ್ಲೇ ಕೂತು ಇದೊಂದು ಪ್ರಶ್ನೆ ಕೇಳೇ ಕೇಳ್ತಾರೆ, ದಾವಣಗೆರೆ ಬಸ್ ಸ್ಟ್ಯಾಂಡಲ್ಲಿ ಗುರುತು ಹಿಡಿದೋರೂ ಕೇಳ್ತಾರೆ, "ಅಕ್ಕಾ, ಕಾಮಿಡೀನೂ ಮಾಡ್ತೀರಿ, ಅಳೋ ಪಾರ್ಟೂ ಮಾಡ್ತೀರಿ, ಯಾವ್ದು ಕಷ್ಟ?" ಅಂತ. ಅಳೋದೇ ಕಷ್ಟ ಅಂತ ಅವರೇ ಮೊದ್ಲೇ ತೀರ್ಮಾನ ಮಾಡ್ಕೊಂಡಿರ್ತಾರೆ.

ನಗಿಸೋದು ಕಷ್ಟ ಕಣ್ರಿ.

ಅಳೋ ಸೀನಲ್ಲಿ ನಾನು ಒಬ್ಬಳೇ ಇರಲ್ಲ. ಹಾರ್ಮೋನಿಯಂ ನುಡಿಸೋ ಪೇಟಿ ಮಾಸ್ತರು ಶಿವರಂಜನಿ ರಾಗ ಹಿಡಿದ್ರು ಅಂದ್ರೆ ನಾನು ಬಾಯಿ ಬಿಡೋಕೆ ಮುಂಚೇನೇ ಮುಂದೆ ಕೂತ ಹೆಂಗಸ್ರು ಸೆರಗು ಕಣ್ಣಿಗೆ ಒತ್ಕೊಂಡಿರ್ತಾರೆ, ಕಥೆ ಅಲ್ಲೀವರೆಗೂ ಅವರನ್ನ ಕರ್ಕೊಂಡು ಬಂದಿರುತ್ತೆ, ಲೈಟಿನೋನೂ ನೀಲಿ ಹಾಕ್ತಾನೆ. ಕಾಮಿಡಿಗೆ ಇದ್ಯಾವ್ದೂ ಇಲ್ಲ. ಪೇಟಿ ಸುಮ್ನಿರುತ್ತೆ, ತಬಲ ಒಂದು ಪೆಟ್ಟು ಕೊಟ್ರೂ ಅದು ನಕ್ಕ ಮೇಲೆ. ನಗು ಎದ್ದಾಗ ಅರ್ಧ ಸೆಕೆಂಡ್ ಬೇಗ ಮಾತಾಡಿದ್ರೆ ಮುಂದಿನ ಮಾತನ್ನ ಆ ನಗೂನೇ ನುಂಗುತ್ತೆ, ಪೂರ್ತಿ ಇಳಿಯೋವರೆಗೆ ಕಾದ್ರೆ ಸೀನ್ ತಣ್ಣಗಾಗುತ್ತೆ. ಹಳ್ಳಿ ನಾಟಕದಲ್ಲಿ ಎದುರಿಗಿರೋ ಕಲಾವಿದ ಹೊಲ ಮಾಡೋ ಹುಡುಗ, ಎರಡು ತಿಂಗಳು ರಾತ್ರಿ ಕೂತು ಕಂಠಪಾಠ ಮಾಡಿರ್ತಾನೆ, ಅವನಿಗೆ ಮಾತು ಮರೀಬಾರ್ದು ಅನ್ನೋದೇ ಚಿಂತೆ. ಹೊರಗಿಂದ ಕರೆಸಿದ ನಟಿ ನಾನು, ನಾಟಕಕ್ಕೆ ಮುಂಚೆ ಅವನ ಜೊತೆ ಸೇರೋದು ಗ್ರ್ಯಾಂಡ್ ಟ್ರಯಲ್‌ನಲ್ಲಿ, ಅಂದ್ರೆ ಕೊನೇ ತಾಲೀಮಲ್ಲಿ, ಒಂದೇ ಸಲ. ಹಾಗಾಗಿ ಸ್ಟೇಜ್ ಮೇಲೆ ಅವನ ಉಸಿರು ನೋಡ್ಕೊಂಡೇ ನಾನು ಮಾತು ಬಿಡ್ಬೇಕು.

ಒಂದ್ಸಲ ಜಗಳೂರು ಕಡೆ ಒಂದು ಹಳ್ಳಿಲಿ ತಾಯಿ ಪಾರ್ಟಿನೋರು ಹುಷಾರಿಲ್ದೆ ಬರ್ಲೇ ಇಲ್ಲ, ಕಾಮಿಡಿ ಸೊಸೆ ಪಾರ್ಟಿನ ಜೊತೆಗೆ ಅದನ್ನೂ ನಾನೇ ಮಾಡ್ಬೇಕಾಯ್ತು. ಬಿಳಿ ಕೂದ್ಲು ಹಚ್ಕೊಂಡು ಹೊರಗೆ ಬಂದ ತಕ್ಷಣ ಹುಡುಗ್ರು ಘೊಳ್ ಅಂತ ನಕ್ರು, ತಪ್ಪು ಅವರದ್ದಲ್ಲ, ಅರ್ಧ ಗಂಟೆ ಹಿಂದೆ ಇದೇ ಮುಖ ನೋಡಿ ನಕ್ಕಿದ್ರಲ್ಲ. ನಾನು ಮಾತು ಶುರು ಮಾಡ್ಲಿಲ್ಲ. ಕೆಳಗೆ ಕೂತು ಖಾಲಿ ಮೊರ ಹಿಡ್ಕೊಂಡು ಅಕ್ಕಿ ಆರ್ಸೋಕೆ ಶುರು ಮಾಡ್ದೆ, ಮಾಸ್ತರು ಪೇಟಿಯಿಂದ ಕೈ ತೆಗೆದ್ರು. ಎಷ್ಟೊತ್ತೋ ಗೊತ್ತಿಲ್ಲ, ನಗು ತಾನಾಗೇ ಆರೋಯ್ತು, ಮುಂದೆ ಕೂತಿದ್ದ ಒಂದಜ್ಜಿ "ಅಯ್ಯೋ ಯವ್ವಾ" ಅಂದ್ಲು, ಆಮೇಲೆ ಮೊದಲ್ನೇ ಮಾತು ಆಡ್ದೆ. ಮಧ್ಯದಲ್ಲೇ ಮೈಕಲ್ಲಿ ಮುಯ್ಯಿ, ಅಂದ್ರೆ ಕಲಾವಿದರಿಗೆ ಜನ ಕೊಡೋ ಕಾಣಿಕೆ, ಕೂಗಿದ್ರು, ಒಬ್ರು ಬಂದು ಸೆರಗಿಗೆ ನೋಟು ಪಿನ್ ಮಾಡಿ ಹೋದ್ರು, ಕೈ ಮುಗಿದು ಮತ್ತೆ ಅದೇ ದುಃಖಕ್ಕೆ ವಾಪಸ್ ಬಂದೆ. ಹೊರಗಿನೋರಿಗೆ ಇದು ವಿಚಿತ್ರ ಅನ್ಸುತ್ತೆ, ನನಗೆ ಆ ನೋಟು ಅವರ ಪ್ರೀತಿ. ಆವತ್ತು ಆ ಸೀನಲ್ಲಿ ನಾನು ಕಾದಿದ್ದೆಲ್ಲ ಕಾಮಿಡಿಯಿಂದ ಕಲ್ತ ಕಾಯುವಿಕೇನೇ.

ಬೇಜಾರು ಏನಂದ್ರೆ ಹ್ಯಾಂಡ್‌ಬಿಲ್ಲಲ್ಲಿ ಅಳೋ ನಾಯಕಿ ಫೋಟೋ ದೊಡ್ಡದು, ನಗಿಸೋಳದ್ದು ಮೂಲೇಲಿ, ದುಡ್ಡೂ ಹಾಗೇ. ಕಾಮಿಡಿ ನಟಿ ಅಂದ್ರೆ ಡಬಲ್ ಮೀನಿಂಗ್ ಮಾತಾಡೋಳು ಅನ್ಕೋತಾರೆ. ನಾನು ಆ ಮಾತು ಆಡಲ್ಲ, ಬರೆದಿದ್ರೂ ಬಿಡ್ತೀನಿ. ರೇಷನ್ ಅಂಗಡಿ ಕ್ಯೂ, ಅತ್ತೆ ಬೀಗದ ಕೈ, ಸಂಘದ ಸಾಲದ ಕಂತು, ಇವನ್ನ ಹೇಳಿದ್ರೆ ಹೆಣ್ಮಕ್ಳು ಬಿದ್ದು ಬಿದ್ದು ನಗ್ತಾರೆ. ಅವರು ನಕ್ರೆ ಮಾತ್ರ ನನಗೆ ನಾಟಕ ಗೆದ್ದಂಗೆ.

ಉಮಾಶ್ರೀ ಅವರನ್ನ ಸಿನಿಮಾ ಕಾಮಿಡಿಯಿಂದ ಮಾತ್ರ ಗೊತ್ತಿರೋರು ಒಡಲಾಳ ನಾಟಕದಲ್ಲಿ ಅವರು ಮಾಡಿದ ಸಾಕವ್ವನ ಪಾರ್ಟಿನ ಬಗ್ಗೆ ಕೇಳಿ ತಿಳ್ಕೋಬೇಕು, 2008ರ ಗುಲಾಬಿ ಟಾಕೀಸ್ ಸಿನಿಮಾದ ನಟನೆಗೆ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಒಂದೇ ದೇಹ, ಎರಡೂ ಕೆಲಸ. ನಮ್ಮೂರಲ್ಲೇ ರಂಗನಟಿ ಚಿಂದೋಡಿ ಲೀಲಾ ಇದ್ರು, ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹಳ್ಳಿ ಹುಡುಗಿ, ಪೊಲೀಸನ ಮಗಳು ನಾಟಕಗಳನ್ನ ನೋಡಿದ ದಾವಣಗೆರೆ ಹಿರಿಯರು ಇವತ್ತೂ ಹೆಸ್ರು ಹೇಳಿದ ತಕ್ಷಣ ಮುಖ ಅರಳಿಸ್ತಾರೆ. 1988ರಲ್ಲಿ ಪದ್ಮಶ್ರೀ ಬಂತು, 2010ರ ಜನವರೀಲಿ ಹೋದ್ರು. ಅವರ ಊರಿನೋಳು ಅಂತ ಹೇಳ್ಕೊಂಡು ಸ್ಟೇಜ್ ಹತ್ತೋಕೆ ನನಗೆ ಈಗ್ಲೂ ಮೈ ಜುಂ ಅನ್ನುತ್ತೆ.

ಮುಂದಿನ ವಾರ ಹೊಳಲ್ಕೆರೆ ಕಡೆ ನಾಟಕ ಐತೆ, ಕಾಮಿಡಿ ಪಾರ್ಟು. ಎದುರಿನ ಹುಡುಗ ಮೊನ್ನೆ ಫೋನ್ ಮಾಡಿ ಮಾತೆಲ್ಲ ಪಾಠ ಆಗಿದೆ ಅಕ್ಕ ಅಂದ. ಸರಿ ಕಣಪ್ಪ, ಜನ ನಕ್ಕಾಗ ನನ್ನ ಕಣ್ಣು ನೋಡು, ನಾನು ರೆಪ್ಪೆ ಹೊಡೆದ್ಮೇಲೆ ಮಾತಾಡು ಅಂದಿದೀನಿ.