ಆ ಒಂದು ಗ್ರಾಂಟ್ ಸಾಲು

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ ಕಲಿಯಲು ಬಂದವರು ಅರ್ಧ ದಾರಿಯಲ್ಲಿ ಬಿಟ್ಟು ಹೋಗುವುದಕ್ಕೆ ಇಂಡೆಕ್ಸ್, ವ್ಯಾಕ್ಯೂಮ್‌ನಂಥ ಮುಂದಿನ ಪಾಠಗಳನ್ನು ದೂರಬೇಕಿಲ್ಲ. ಅಲ್ಲಿಯವರೆಗೆ ಅವರು ಬಂದಿರುವುದೇ ಇಲ್ಲ. ಮೊದಲ ಟೇಬಲ್ ಆಗುವ ಮುಂಚೆಯೇ ಎರರ್ ಬಂದು, ‘ಇದು ನಮಗಲ್ಲ’ ಎಂದು ಎದ್ದು ಹೋಗಿರುತ್ತಾರೆ. ಎರರ್ ತಂದದ್ದು ಬಹಳ ಸಲ ಹಳೆಯ ಟ್ಯುಟೋರಿಯಲ್.

ಅಂಥವುಗಳಲ್ಲಿ ಕ್ರಮ ಒಂದೇ: ಡೇಟಾಬೇಸ್ ಮಾಡಿ, ಯೂಸರ್ ಮಾಡಿ, ಆಮೇಲೆ ಆ ಯೂಸರ್‌ಗೆ ಹಕ್ಕು ಕೊಡುವ ‘ಗ್ರಾಂಟ್ ಆಲ್ ಪ್ರಿವಿಲೇಜಸ್ ಆನ್ ಡೇಟಾಬೇಸ್’ ಸಾಲು. 14ನೇ ಆವೃತ್ತಿಯವರೆಗೆ ಇಷ್ಟು ಸಾಕಾಗುತ್ತಿತ್ತು. 2022ರ ಅಕ್ಟೋಬರ್‌ನಲ್ಲಿ ಬಂದ 15ರಲ್ಲಿ ಇದನ್ನೇ ಮಾಡಿ ಟೇಬಲ್ ಕಟ್ಟಹೊರಟರೆ ‘ಪರ್ಮಿಷನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್’ ಎನ್ನುತ್ತದೆ. ಸ್ಕೀಮಾ ಎಂದರೆ ಡೇಟಾಬೇಸ್ ಒಳಗೆ ಟೇಬಲ್‌ಗಳನ್ನು ಇಡುವ ವಿಭಾಗ, ‘ಪಬ್ಲಿಕ್’ ತಾನಾಗಿಯೇ ಇರುವ ಸ್ಕೀಮಾ.

ತಮಾಷೆಯೆಂದರೆ, ಆ ಗ್ರಾಂಟ್ ಸಾಲು ಪಬ್ಲಿಕ್ ಸ್ಕೀಮಾದಲ್ಲಿ ಟೇಬಲ್ ಮಾಡುವ ಹಕ್ಕನ್ನು ಎಂದೂ ಕೊಟ್ಟಿರಲೇ ಇಲ್ಲ. ಅದರಿಂದ ಸಿಗುವುದು ಮೂರೇ: ಡೇಟಾಬೇಸ್‌ಗೆ ಕನೆಕ್ಟ್ ಆಗುವುದು, ಹೊಸ ಸ್ಕೀಮಾ ಮಾಡುವುದು, ತಾತ್ಕಾಲಿಕ ಟೇಬಲ್ ಮಾಡುವುದು. ಪಬ್ಲಿಕ್ ಸ್ಕೀಮಾದಲ್ಲಿ ಯಾರು ಬೇಕಾದರೂ ಟೇಬಲ್ ಮಾಡಬಹುದೆಂಬ ಹಳೆಯ ಡೀಫಾಲ್ಟ್ ಇತ್ತಲ್ಲ, ಕೆಲಸ ನಡೆಸುತ್ತಿದ್ದುದು ಅದು. ಭದ್ರತೆಗಾಗಿ 15ರಲ್ಲಿ ಅದನ್ನು ತೆಗೆದರು. ಟ್ಯುಟೋರಿಯಲ್ ಬರೆದವರು ಸಾಲು ಓಡಿತೆಂದು ಬರೆದರು, ಯಾಕೆ ಓಡಿತೆಂದು ನೋಡಲಿಲ್ಲ.

ಸರಿಯಾದ ದಾರಿ ಇನ್ನೂ ಚಿಕ್ಕದು. ಮೊದಲು ಯೂಸರ್ ಮಾಡಿ, ಡೇಟಾಬೇಸ್ ಮಾಡುವಾಗಲೇ ‘ಓನರ್’ ಎಂದು ಆ ಯೂಸರ್ ಹೆಸರು ಕೊಡಿ. ಡೇಟಾಬೇಸ್ ಈಗಾಗಲೇ ಇದ್ದರೆ ಪಬ್ಲಿಕ್ ಸ್ಕೀಮಾದ ಮೇಲೆ ಯೂಸೇಜ್, ಕ್ರಿಯೇಟ್ ಎರಡನ್ನೂ ಗ್ರಾಂಟ್ ಮಾಡಿ. ಆದರೆ ಅದಕ್ಕೆ ಮುಂಚೆ ಕಮಾಂಡ್ ಬರೆಯುವ ಪಿಎಸ್‌ಕ್ಯುಎಲ್ ಪರದೆಯಲ್ಲಿ ಬ್ಯಾಕ್‌ಸ್ಲ್ಯಾಶ್ ಸಿ, ಜೊತೆಗೆ ಡೇಟಾಬೇಸ್ ಹೆಸರು ಹಾಕಿ ಆ ಡೇಟಾಬೇಸ್ ಒಳಗೆ ಹೋಗಬೇಕು. ಇಲ್ಲದಿದ್ದರೆ ಗ್ರಾಂಟ್ ಹೋಗಿ ‘ಪೋಸ್ಟ್‌ಗ್ರೆಸ್’ ಎಂಬ ಡೀಫಾಲ್ಟ್ ಡೇಟಾಬೇಸ್‌ನ ಸ್ಕೀಮಾಗೆ ಬೀಳುತ್ತದೆ, ಎರರ್ ಹಾಗೇ ಉಳಿಯುತ್ತದೆ. ಇನ್ನೊಂದು ತೊಡಕು: ಹಳೆಯ ಸರ್ವರ್ ಅನ್ನು ಅಪ್‌ಗ್ರೇಡ್ ಮಾಡಿ 15ಕ್ಕೆ ತಂದಿದ್ದರೆ ಅಲ್ಲಿನ ಡೇಟಾಬೇಸ್‌ಗಳ ಹಕ್ಕುಗಳು ಹಿಂದಿನಂತೆಯೇ ಇರುತ್ತವೆ. ಹೀಗಾಗಿ ಸೀನಿಯರ್ ಯಂತ್ರದಲ್ಲಿ ಓಡುವುದು ಹೊಸಬರ ಯಂತ್ರದಲ್ಲಿ ಓಡದು.

ಇದಕ್ಕೂ ಮುಂಚಿನ ಹೊಸ್ತಿಲು ಉಬುಂಟು ಲಿನಕ್ಸ್‌ನಲ್ಲಿ ಲಾಗಿನ್ ಆಗುವಾಗ ಬರುವ ‘ಪಿಯರ್ ಅಥೆಂಟಿಕೇಶನ್ ಫೇಲ್ಡ್’ ಎರರ್. ಪಿಯರ್ ಎಂದರೆ ಲಿನಕ್ಸ್ ಯೂಸರ್ ಹೆಸರೂ ಡೇಟಾಬೇಸ್ ಯೂಸರ್ ಹೆಸರೂ ಹೊಂದಬೇಕು. ಪಾಸ್‌ವರ್ಡನ್ನು ಅದು ಕೇಳುವುದೇ ಇಲ್ಲ. ಹೋಸ್ಟ್ ಜಾಗದಲ್ಲಿ ‘ಲೋಕಲ್‌ಹೋಸ್ಟ್’ ಕೊಟ್ಟರೆ ಪಾಸ್‌ವರ್ಡ್ ಹಾದಿ ತೆರೆಯುತ್ತದೆ, ಅಷ್ಟೇ. ಅದನ್ನು ಹೇಳದೆ, ಯಾರು ಹೇಗೆ ಒಳಬರಬಹುದೆಂದು ಹೇಳುವ ಪಿಜಿ ಎಚ್‌ಬಿಎ ಫೈಲಿನಲ್ಲಿ ಪಿಯರ್ ಅಳಿಸಿ ‘ಟ್ರಸ್ಟ್’ ಬರೆಯಿರಿ ಎನ್ನುವ ಟ್ಯುಟೋರಿಯಲ್‌ಗಳನ್ನು ಕಂಡರೆ ಸಿಟ್ಟೇ ಬರುತ್ತದೆ. ಆ ಸಾಲಿಗೆ ಹೊಂದುವ ಯಾರೇ ಬಂದರೂ ಪಾಸ್‌ವರ್ಡ್ ಇಲ್ಲದೆ ಒಳಗೆ!

ಅಧಿಕೃತ ಡಾಕ್ಯುಮೆಂಟೇಶನ್ ಬಗ್ಗೆ ದೂರುವಂತಿಲ್ಲ. ಅದು ಕೋಡ್ ಇರುವ ರೆಪೊಸಿಟರಿಯಲ್ಲೇ ಇದೆ, ಹೊಸ ಫೀಚರ್ ಜೊತೆಗೇ ಅದರ ವಿವರಣೆಯೂ ಸೇರುತ್ತದೆ. 15ರ ಬದಲಾವಣೆ ರಿಲೀಸ್ ನೋಟ್ಸ್‌ನಲ್ಲಿ ಸ್ಪಷ್ಟವಾಗಿಯೇ ಇತ್ತು. ಆದರೆ ಮೊದಲ ದಿನ ರಿಲೀಸ್ ನೋಟ್ಸ್ ಓದುವವರು ಯಾರು? ಹುಡುಕಿದಾಗ 9.6ರ ಪುಟ ಎದುರಾದರೆ ವಿಳಾಸದಲ್ಲಿ 9.6 ತೆಗೆದು ‘ಕರೆಂಟ್’ ಎಂದು ಹಾಕಿ, ಈಗಿನ ಆವೃತ್ತಿಯ ಅದೇ ಪುಟ ಸಾಮಾನ್ಯವಾಗಿ ಸಿಗುತ್ತದೆ.

ಇನ್ನೊಂದು ಡೇಟಾಬೇಸ್ ಆದ ಮೈಎಸ್‌ಕ್ಯುಎಲ್ ಕಥೆಯೂ ಬೇರೆಯಲ್ಲ. ಗ್ರಾಂಟ್ ಸಾಲಿನಲ್ಲೇ ‘ಐಡೆಂಟಿಫೈಡ್ ಬೈ’ ಸೇರಿಸಿ ಯೂಸರ್ ಹುಟ್ಟಿಸುವ ಹಳೆಯ ಪಾಠ 2018ರ 8.0ರಲ್ಲಿ ಸಿಂಟ್ಯಾಕ್ಸ್ ಎರರ್ ಆಯಿತು. ಎಸ್‌ಕ್ಯುಎಲೈಟ್‌ಗೆ ಈ ಗೋಳಿಲ್ಲ: ಸರ್ವರ್ ಇಲ್ಲ, ಯೂಸರ್ ಇಲ್ಲ, ಇರುವುದು ಒಂದು ಫೈಲ್.

ನೀವೇ ಟ್ಯುಟೋರಿಯಲ್ ಬರೆಯುವುದಾದರೆ ಆವೃತ್ತಿ ಸಂಖ್ಯೆಯನ್ನು ತಲೆಬರಹದಲ್ಲೇ ಹಾಕಿ. ಸೂಪರ್‌ಯೂಸರ್ ಆಗಿ ಪರೀಕ್ಷಿಸಬೇಡಿ, ಅವನಿಗೆ ಎಲ್ಲವೂ ಓಡುತ್ತದೆ. ಖಾಲಿ ಡಾಕರ್ ಕಂಟೇನರ್‌ನಲ್ಲಿ (ಉಳಿದ ಯಂತ್ರದಿಂದ ಬೇರೆಯಾಗಿ ಹೊಸದಾಗಿ ಶುರುವಾಗುವ ಪರಿಸರ), ಹೊಸದಾಗಿ ಮಾಡಿದ ಯೂಸರ್ ಆಗಿ ಮೊದಲಿನಿಂದ ಕೊನೆಯವರೆಗೆ ಓಡಿಸಿ. ಮುಂದಿನ ದೊಡ್ಡ ಆವೃತ್ತಿ ಬಂದಾಗ ಕಂಟೇನರ್‌ನ ಆವೃತ್ತಿ ಸೂಚಿಸುವ ಇಮೇಜ್ ಟ್ಯಾಗ್ ಬದಲಿಸಿ ಮತ್ತೆ ಓಡಿಸಿ. ಎರರ್ ಸಂದೇಶವನ್ನು ಕನ್ನಡಕ್ಕೆ ತರ್ಜುಮೆ ಮಾಡಬೇಡಿ, ಓದುಗರು ಹುಡುಕುವುದು ಪರದೆ ಮೇಲೆ ಕಂಡ ಸಾಲನ್ನೇ.